ಕಾಳಿಯ ಮೇಲೆ ಎರಡು ದಿನ

ವಾರವಿಡೀ ಕುರ್ಚಿಗೆ ಅಂಟಿಕೊಂಡು ಕುಳಿತವರಿಗೆ ಶನಿವಾರ ಬಂದೊಡನೆ ಮೈಮುರಿದು ಅಲೆಯಬೇಕೆಂಬ ಹುಮ್ಮಸ್ಸು ಹುಟ್ಟುವುದು ಇತ್ತೀಚಿನ ವರ್ಷಗಳ ಒಂದು ವಿಶೇಷ. ಹಿಂದೆ ವಿರಾಮವೆಂದರೆ ಮಧ್ಯಾಹ್ನದ ಸುಖನಿದ್ದೆ, ಸಂಜೆಗೊಂದು ಬಂಧುಗಳ ಮನೆ, ಹೆಚ್ಚೆಂದರೆ ಒಂದು ಸಿನಿಮಾ. ಈಗ ಹಣ ತೆತ್ತು, ರಾತ್ರಿಯೆಲ್ಲ ರೈಲಿನಲ್ಲಿ ಕುಲುಕಾಡಿ, ಬೆಳಗಾಗುವ ಹೊತ್ತಿಗೆ ಯಾವುದೋ ನದಿಯ ದಂಡೆಯಲ್ಲಿ ನಿಂತು, ನೀರಿಗೆ ಬೀಳುವುದಕ್ಕೆ ಸರದಿ ಕಾಯುವುದೇ ವಿರಾಮವಾಗಿದೆ. ಇದನ್ನು ಹಿರಿಯರು ಹುಚ್ಚೆನ್ನುತ್ತಾರೆ. ಹುಚ್ಚಿರಬಹುದು, ಆದರೆ ಬೇಡವೆಂದು ಮೂಗು ಮುರಿಯುವ ಹಿರಿಯರನ್ನೂ ಒಮ್ಮೆ ಜೊತೆಗೆ ಕರೆದೊಯ್ದು ನೋಡಬೇಕು.

ಬೆಂಗಳೂರಿನ ಕಚೇರಿಯೊಂದರ ಹನ್ನೊಂದು ಮಂದಿ ಫೆಬ್ರುವರಿಯ ಒಂದು ಶುಕ್ರವಾರ ರಾತ್ರಿ ಹೊರಟದ್ದು ಇಂಥ ಯಾತ್ರೆಗೇ. ಶನಿವಾರ ಕಾಳಿ ನದಿಯಲ್ಲಿ ದೋಣಿವಿಹಾರ, ಭಾನುವಾರ ಜೋಯಿಡಾ ತಾಲ್ಲೂಕಿನ ಗುಡ್ಡದ ಹಳ್ಳಿಗಳ ಕಡೆ ಕಾಲ್ನಡಿಗೆ. ತಂಡದಲ್ಲಿ ನಾಲ್ವರು ತರುಣಿಯರು, ಐವರು ತರುಣರು, ಐವತ್ತು ದಾಟಿದ ಒಬ್ಬ ಲೆಕ್ಕಪತ್ರದ ಮೇಲ್ವಿಚಾರಕರು, ಅವರ ಶ್ರೀಮತಿ. ಈ ಶ್ರೀಮತಿಯವರು ಬಂದದ್ದು ನದಿಯನ್ನು ನೋಡಲಲ್ಲ, ಯಜಮಾನರನ್ನು ನೋಡಿಕೊಳ್ಳಲು. ಎಲ್ಲವನ್ನೂ ಏರ್ಪಡಿಸಿದ ತರುಣನಿಗೆ ಧಾರವಾಡದಲ್ಲಿ ಒಬ್ಬ ಸೋದರತ್ತೆ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಈಚೆಗೆ ವಿಶ್ರಾಂತಳಾದಾಕೆ. ಹೋಗುವ ದಾರಿಯಲ್ಲಿ ಅವಳ ಮನೆಯಲ್ಲಿ ಸ್ನಾನ ಉಪಾಹಾರ ಮುಗಿಸಿಕೊಂಡು ಮುಂದುವರಿಯುವುದೆಂದು ಗೊತ್ತಾಗಿತ್ತು. ಅವರು ಹೋದಾಗ ಅವಲಕ್ಕಿ, ಚಹಾ ಎಲ್ಲವೂ ಸಿದ್ಧವಿತ್ತು. ಅದರೊಡನೆ ಅತ್ತೆಯ ಕೈಚೀಲವೂ ಬಾಗಿಲಲ್ಲಿ ಸಿದ್ಧವಾಗಿತ್ತು.

“ನಾನೂ ಬರತೀನಿ” ಎಂದಳು ಅತ್ತೆ.

“ಅತ್ತೆ, ಅದು ನೀರಿನ ಆಟ. ಹುಡುಗರಿಗೆ ಸರಿ” ಎಂದ ಸೋದರಳಿಯ.

“ಯಾರ ನೀರಪಾ ಅದು? ನಾ ಹುಟ್ಟಿದ್ದು ಎಲ್ಲಿ, ನಿಮ್ಮಪ್ಪ ಹುಟ್ಟಿದ್ದು ಎಲ್ಲಿ, ಗೊತ್ತದ ಇಲ್ಲೋ ನಿನಗ?”

ಗೊತ್ತಿತ್ತು, ಆದರೆ ಗೊತ್ತಿರಬೇಕಾದಷ್ಟು ಗೊತ್ತಿರಲಿಲ್ಲ. ಸೂಪಾ ಎಂಬ ಊರಿನ ಹೆಸರನ್ನು ಆ ತರುಣ ತಂದೆಯ ಬಾಯಲ್ಲಿ ಕೇಳಿದ್ದ; ಅದು ಮುಳುಗಿತೆಂಬುದನ್ನೂ ಕೇಳಿದ್ದ. ಮುಳುಗಿದ ಊರನ್ನು ನೋಡಲು ಹೋಗುವುದು ಹೇಗೆಂಬುದು ಅವನಿಗೆ ಹೊಳೆದಿರಲಿಲ್ಲ. ಹೀಗೆ ಹನ್ನೊಂದು ಮಂದಿ ಹನ್ನೆರಡಾದರು.

ಧಾರವಾಡದಿಂದ ಹಳಿಯಾಳದ ಮೇಲೆ ದಾಂಡೇಲಿಗೆ ಸುಮಾರು 55 ಕಿಲೋಮೀಟರು. ಬಯಲುಸೀಮೆಯ ಹೊಲಗಳು ಒಂದೊಂದಾಗಿ ಹಿಂದೆ ಬಿದ್ದು, ತೇಗದ ತೋಪುಗಳು ತಲೆಯೆತ್ತಿ, ನೋಡನೋಡುತ್ತಿದ್ದಂತೆ ಕಾಡೇ ರಸ್ತೆಯ ಎರಡು ಬದಿಗೂ ಬಂದು ನಿಲ್ಲುತ್ತದೆ. ಮಾಘಮಾಸದಲ್ಲಿ ಈ ದಾರಿಯಲ್ಲಿ ಹೋದವರಿಗೆ ಇನ್ನೊಂದು ನೋಟ ದೊರೆಯುವುದುಂಟು: ಕೊಲ್ಲಾರಿ ಬಂಡಿಗಳ ಸಾಲು. ಭರತ ಹುಣ್ಣಿಮೆಯ ಹೊತ್ತಿಗೆ ಉಳವಿಯಲ್ಲಿ ಚನ್ನಬಸವಣ್ಣನವರ ಜಾತ್ರೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವನ್ನು ತೊರೆದ ಶರಣರು ಈ ದಟ್ಟಡವಿಗೆ ಬಂದು ಸೇರಿದರೆಂದೂ ಚನ್ನಬಸವಣ್ಣನವರು ಇಲ್ಲಿಯೇ ಐಕ್ಯರಾದರೆಂದೂ ಪ್ರತೀತಿ. ಅದಕ್ಕಾಗಿ ಬಯಲುಸೀಮೆಯ ಒಕ್ಕಲು ಮಕ್ಕಳು ಎತ್ತುಗಳಿಗೆ ಗೆಜ್ಜೆ ಕಟ್ಟಿ, ರೊಟ್ಟಿಯ ಗಂಟು ಹೊತ್ತು, ಇಂದಿಗೂ ಬಂಡಿ ಹೂಡಿಕೊಂಡು ಕಾಡು ಹಾಯ್ದು ಹೋಗುತ್ತಾರೆ. ತರುಣರು ಗಾಡಿಯ ಕಿಟಕಿಯಿಂದ ಆ ಬಂಡಿಗಳ ಚಿತ್ರ ತೆಗೆದುಕೊಂಡರು. ಬಂಡಿಯ ಮೇಲಿದ್ದ ಹುಡುಗನೊಬ್ಬ ತನ್ನ ಮೊಬೈಲಿನಲ್ಲಿ ಇವರ ಚಿತ್ರ ತೆಗೆದುಕೊಂಡ.

ಕಾಳಿ ದೊಡ್ಡ ನದಿಯಲ್ಲ. ಜೋಯಿಡಾ ತಾಲ್ಲೂಕಿನ ದಿಗ್ಗಿಯ ಬಳಿ ಹುಟ್ಟಿ, ಕಾರವಾರದ ಸದಾಶಿವಗಡದ ಹತ್ತಿರ ಅರಬ್ಬೀ ಸಮುದ್ರವನ್ನು ಸೇರುವವರೆಗೆ ಅದರ ಓಟ 184 ಕಿಲೋಮೀಟರು ಮಾತ್ರ. ಹುಟ್ಟಿದ ಜಿಲ್ಲೆಯನ್ನು ಬಿಟ್ಟು ಹೊರಗೆ ಕಾಲಿಡದ ಗೃಹಿಣಿಯಂತೆ ಈ ನದಿ ಉತ್ತರ ಕನ್ನಡದಲ್ಲೇ ಹುಟ್ಟಿ ಉತ್ತರ ಕನ್ನಡದಲ್ಲೇ ಮುಗಿಯುತ್ತದೆ. ಆದರೆ ಗೃಹಿಣಿಯ ದುಡಿಮೆಯಂತೆಯೇ ಅದರ ದುಡಿಮೆಯೂ ಮನೆಮಂದಿಯ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಅಣೆಕಟ್ಟಿನ ಮೇಲೆ ಅಣೆಕಟ್ಟು. ಒಂದು ವಿದ್ಯುದಾಗಾರದ ಗಾಲಿ ತಿರುಗಿಸಿ ಹೊರಬಂದ ನೀರು ಮುಂದಿನದಕ್ಕೆ. ಕದ್ರಾದ ನೀರಿನ ಪಕ್ಕದಲ್ಲೇ ಕೈಗಾದ ಅಣುವಿದ್ಯುತ್ ಕೇಂದ್ರ. ಬೆಂಗಳೂರಿನ ಮನೆಯಲ್ಲಿ ಸಂಜೆ ಗುಂಡಿಯೊತ್ತಿದಾಗ ಹತ್ತುವ ದೀಪದಲ್ಲಿ ಈ ನದಿಯ ಪಾಲೂ ಇದೆಯೆಂದು ಎಷ್ಟು ಜನ ಎಣಿಸುತ್ತಾರೆ?

ಈ ಸಾಲಿನಲ್ಲಿ ಹಿರಿಯದು ಗಣೇಶಗುಡಿಯ ಬಳಿಯ ಸೂಪಾ ಅಣೆಕಟ್ಟು. 101 ಮೀಟರು ಎತ್ತರದ ಕಾಂಕ್ರೀಟಿನ ಗೋಡೆ, 1987ರಲ್ಲಿ ಪೂರ್ಣಗೊಂಡಿತು. ಅದರ ಹಿಂದೆ ನಿಲ್ಲುವ ನೀರು ನೂರನಲವತ್ತು ಟಿ.ಎಂ.ಸಿ.ಗೂ ಮಿಕ್ಕದ್ದು. ಆ ನೀರಿನ ಅಡಿಯಲ್ಲಿ ಸೂಪಾ ಇದೆ. ಕಾಳಿಯೂ ಪಾಂಡರಿಯೂ ಕೂಡುವ ಸಂಗಮದಲ್ಲಿದ್ದ ಪುಟ್ಟ ಪಟ್ಟಣ. ತಾಲ್ಲೂಕಿಗೆ ತನ್ನ ಹೆಸರನ್ನೇ ಕೊಟ್ಟಿದ್ದ ಊರು. ಊರು ಹೋದ ಮೇಲೆ ತಾಲ್ಲೂಕಿನ ಕೇಂದ್ರ ಜೋಯಿಡಾಕ್ಕೆ ಬಂದಿತು. ನೆಲೆ ತಪ್ಪಿದ ಸಂಸಾರಗಳಲ್ಲಿ ಬಹಳಷ್ಟಕ್ಕೆ ರಾಮನಗರದಲ್ಲಿ ನೆಲೆ ಮಾಡಿಕೊಟ್ಟರು. ಅತ್ತೆಯ ತಂದೆಯ ಸಂಸಾರವೂ ಪಾತ್ರೆ ಪಗಡೆ, ತುಳಸಿಕಟ್ಟೆಯ ಒಂದು ಹಿಡಿ ಮಣ್ಣು ಕಟ್ಟಿಕೊಂಡು ಹೊರಟಾಗ ಅವಳಿಗಿನ್ನೂ ಲಂಗ ದಾವಣಿಯ ವಯಸ್ಸು.

ದೋಣಿಯ ಆಟ ನಡೆಯುವುದು ಈ ಅಣೆಕಟ್ಟಿನ ಕೆಳಗಣ ಹರಿವಿನಲ್ಲಿ. ಇಲ್ಲೊಂದು ಸೋಜಿಗವಿದೆ. ಫೆಬ್ರುವರಿ ಮಾರ್ಚಿ ತಿಂಗಳಲ್ಲಿ ನಾಡಿನ ಹೆಚ್ಚಿನ ಹೊಳೆಗಳು ಮರಳು ತೋರಿಸುತ್ತ ಮಲಗಿರುವಾಗ ಕಾಳಿ ಮಾತ್ರ ಇಲ್ಲಿ ಭೋರ್ಗರೆಯುತ್ತದೆ. ಮಳೆಗಾಲದ ನೀರನ್ನು ಕೂಡಿಟ್ಟು, ವಿದ್ಯುತ್ತು ಬೇಕಾದಾಗಲೆಲ್ಲ ಯಂತ್ರಗಳ ಮೂಲಕ ಬಿಡುವುದೇ ಕಾರಣ. ಅಣೆಕಟ್ಟಿನ ಬುಡದ ವಿದ್ಯುದಾಗಾರದಲ್ಲಿ 50 ಮೆಗಾವಾಟಿನ ಎರಡು ಯಂತ್ರಗಳಿವೆ. ಅವು ತಿರುಗಿದರೆ ನದಿ. ನಿಂತರೆ ಬರಿಯ ಬಂಡೆಗಳು. ಆದ್ದರಿಂದ ಇಲ್ಲಿ ದೋಣಿ ನಡೆಸುವವರು ಆಕಾಶವನ್ನು ನೋಡುವುದಿಲ್ಲ, ನೀರು ಬಿಡುವ ಹೊತ್ತನ್ನು ಕೇಳಿ ತಿಳಿಯುತ್ತಾರೆ. ಬಂದವರು ತಿಳಿಯಬೇಕಾದದ್ದೂ ಇದನ್ನೇ. ಬೆಳಗ್ಗೆ ಒಣಗಿದ್ದ ಹೊಳೆಯ ನಡುಬಂಡೆಯ ಮೇಲೆ ಬುತ್ತಿ ಬಿಚ್ಚಿ ಕುಳಿತು ಚಿತ್ರ ತೆಗೆಸಿಕೊಳ್ಳುವವರಿಗೆ, ಯಂತ್ರ ತಿರುಗಿದ ಕೆಲವೇ ನಿಮಿಷಗಳಲ್ಲಿ ದಡ ದೂರವಾಗಿಬಿಡುತ್ತದೆ. ಮೇಲೆ ಮೋಡವಿಲ್ಲ, ಮಳೆಯಿಲ್ಲ, ನೀರು ಎಲ್ಲಿಂದ ಬಂತೆಂದು ಯೋಚಿಸಲೂ ವ್ಯವಧಾನವಿರುವುದಿಲ್ಲ. ಅಣೆಕಟ್ಟಿನ ಕೆಳಗಿನ ಯಾವ ಹೊಳೆಗೂ ಈ ಮಾತು ಸಲ್ಲುತ್ತದೆ.

ದಂಡೆಯಲ್ಲಿ ರಬ್ಬರಿನ ದೋಣಿಗಳು ಗಾಳಿ ತುಂಬಿಕೊಂಡು, ಹೊಟ್ಟೆ ಬಿರಿಯೆ ಉಂಡವರಂತೆ ಬಿದ್ದಿದ್ದವು. ರಾಫ್ಟ್ ಎಂದು ಇವನ್ನು ಕರೆಯುತ್ತಾರೆ. ನಮ್ಮ ಹರಿಗೋಲಿಗೂ ಇದಕ್ಕೂ ದೂರದ ನಂಟು ಹೇಳಬಹುದಾದರೂ ಸ್ವಭಾವ ಬೇರೆ. ಹರಿಗೋಲು ನೀರಿನ ಮೇಲೆ ಸುತ್ತುತ್ತದೆ, ರಾಫ್ಟು ಬಂಡೆಗೆ ಬಡಿದರೆ ಚೆಂಡಿನಂತೆ ಪುಟಿದು ಮುಂದೆ ಸಾಗುತ್ತದೆ. ಒಳಕ್ಕೆ ಬಂದ ನೀರು ತಳದ ರಂಧ್ರಗಳಿಂದ ತಾನೇ ಹೊರಕ್ಕೆ ಹೋಗುವ ಏರ್ಪಾಡುಂಟು. ದೋಣಿಗಾರ ಸ್ಥಳೀಯ ತರುಣ. ಮಾತು ಕಡಿಮೆ, ಕಣ್ಣು ಚುರುಕು. ಮೊದಲು ಅವನು ಎಲ್ಲರಿಗೂ ಜೀವರಕ್ಷಕ ಜಾಕೆಟ್ಟು ತೊಡಿಸಿ, ಒಬ್ಬೊಬ್ಬರ ಹೆಗಲಪಟ್ಟಿಯನ್ನೂ ಹಿಡಿದು ಮೇಲಕ್ಕೆ ಎಳೆದು ನೋಡಿದ. ಜಾಕೆಟ್ಟು ಕಿವಿಯವರೆಗೆ ಬಂದರೆ ಅದು ಸಡಿಲವಾಗಿದೆಯೆಂದು ಅರ್ಥ; ನೀರಿನಲ್ಲಿ ಅದು ಮನುಷ್ಯನನ್ನು ಬಿಟ್ಟು ತಾನೊಂದೇ ತೇಲುತ್ತದೆ. ಮೇಲ್ವಿಚಾರಕರ ಹೊಟ್ಟೆಗೆ ಪಟ್ಟಿ ಸಾಲದೆ ಬೇರೆ ಜಾಕೆಟ್ಟು ತರಿಸಬೇಕಾಯಿತು. ಅವರು “ಇದು ಇಲ್ಲದಿದ್ದರೂ ನಡೆದೀತು” ಎಂದರು. “ನಡೆಯೋದಿಲ್ರಿ” ಎಂದ ದೋಣಿಗಾರ.

ಅವನ ಈ ಬಿಗಿತನವನ್ನು ಯಾರೂ ಅತಿಯೆನ್ನಬಾರದು. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹನ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಕಾರವಾರದ ಕಡಲಿನಲ್ಲಿ ಮಗುಚಿ 16 ಮಂದಿ ತೀರಿಕೊಂಡರು. ಇದೇ ಕಾಳಿ ಕಡಲನ್ನು ಸೇರುವ ತಾಣಕ್ಕೆ ಅದು ದೂರವೇನಲ್ಲ. ಹತ್ತು ಜನರ ದೋಣಿಗೆ ಇನ್ನೂ ಇಬ್ಬರು ಹಿಡಿಸಿಯಾರು ಎನ್ನುವ ದಾಕ್ಷಿಣ್ಯ ನೀರಿನ ಮೇಲೆ ಸಲ್ಲದು. ಬಸ್ಸಿನಲ್ಲಿ ಸರಿದು ಜಾಗ ಕೊಡುವ ನಮ್ಮ ಒಳ್ಳೆಯ ಗುಣವೇ ದೋಣಿಯಲ್ಲಿ ಅಪಾಯಕಾರಿ. ಹಣಕ್ಕಾಸೆಪಟ್ಟು ತುಂಬಿಸಿಕೊಳ್ಳುವವನಿದ್ದರೆ ಹತ್ತದೆ ಹಿಂದಕ್ಕೆ ಬರುವ ಧೈರ್ಯ ಹತ್ತುವವರಿಗಿರಬೇಕು.

ಬಳಿಕ ಪಾಠ. ಹುಟ್ಟಿನ ತುದಿಯ ಹಿಡಿಯನ್ನು ಎಂದೂ ಬಿಡಬಾರದು; ಬಿಟ್ಟರೆ ಅದು ಪಕ್ಕದವರ ಹಲ್ಲಿಗೆ ಬಡಿಯುತ್ತದೆ. ನೀರಿಗೆ ಬಿದ್ದರೆ ಅಂಗಾತವಾಗಿ, ಕಾಲುಗಳನ್ನು ಹರಿವಿನ ಕಡೆಗೆ ಮುಂದೆ ಮಾಡಿಕೊಂಡು ತೇಲಬೇಕು. ಬಂಡೆ ಬಂದರೆ ಕಾಲು ತಡೆಯಲಿ, ತಲೆಯಲ್ಲ. ಸೆಳವಿನಲ್ಲಿ ಎದ್ದು ನಿಲ್ಲಲು ಯತ್ನಿಸಲೇಬಾರದು. ಮೊಣಕಾಲಿನಷ್ಟೇ ನೀರೆಂದು ನಿಂತವನ ಪಾದ ಎರಡು ಕಲ್ಲುಗಳ ಸಂದಿಯಲ್ಲಿ ಸಿಕ್ಕಿದರೆ, ಹಿಂದಿನಿಂದ ಬರುವ ನೀರು ಅವನನ್ನು ಮುಂದಕ್ಕೆ ಕೆಡವಿ ಏಳಗೊಡುವುದಿಲ್ಲ. ಇಷ್ಟನ್ನೂ ಹೇಳಿ ದೋಣಿಗಾರ ಕೇಳಿದ:

“ಈಜು ಬರೋರು ಯಾರ್‍ಯಾರು?”

ತರುಣರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ನಗರದ ಈಜುಕೊಳದಲ್ಲಿ ಒಂದು ತಿಂಗಳು ಹಣ ಕಟ್ಟಿದ್ದ ಒಬ್ಬಾಕೆ ಅರ್ಧ ಕೈ ಎತ್ತಿದಳು. ಪೂರ್ತಿ ಎತ್ತಿದವಳು ಅತ್ತೆ ಒಬ್ಬಳೇ.

“ಎಲ್ಲಿ ಕಲಿತಿರಿ ಅಮ್ಮಾ?”

“ಇಲ್ಲೇ. ಮ್ಯಾಲೆ, ಸಂಗಮದಾಗ.”

ದೋಣಿಗಾರ ಏನೂ ಹೇಳಲಿಲ್ಲ. ಅವಳನ್ನು ಮುಂದಿನ ಸಾಲಿನಲ್ಲಿ, ಮೇಲ್ವಿಚಾರಕರ ಪಕ್ಕದಲ್ಲಿ ಕುಳ್ಳಿರಿಸಿದ. ಅರ್ಜಿಯಲ್ಲಿ ವಯಸ್ಸು ಬರೆಯುವ ಕಡೆ ಅವಳು 58 ಎಂದು ಬರೆದಿದ್ದಳು. ಸೋದರಳಿಯ ಪಿಸುಮಾತಿನಲ್ಲಿ 50 ಎಂದು ಬರೆಯಲು ಸೂಚಿಸಿದ್ದಕ್ಕೆ ಮೂವತ್ತು ವರ್ಷ ಹಾಜರಿ ಪುಸ್ತಕ ಬರೆದ ಕೈ ಒಪ್ಪಿರಲಿಲ್ಲ.

ಹೊಳೆಯ ರಭಸವನ್ನು ಅಳೆಯಲು ಒಂದರಿಂದ ಆರರವರೆಗೆ ದರ್ಜೆಗಳಿವೆ. ಒಂದೆಂದರೆ ಮಕ್ಕಳಾಟ, ಆರೆಂದರೆ ಬಲ್ಲವರೂ ಕೈಮುಗಿದು ದಡದಲ್ಲಿ ನಿಲ್ಲುವಂಥದ್ದು. ಕಾಳಿಯ ಈ ಭಾಗ ಎರಡು ಮೂರರ ನಡುವಿನದು; ಹೊಸಬರಿಗೆ ತಕ್ಕದ್ದು, ಆದರೆ ಉದಾಸೀನ ಮಾಡತಕ್ಕದ್ದಲ್ಲ. ಇಳಿಜಾರಿನಲ್ಲಿ ಪಾತ್ರ ಕಿರಿದಾಗಿ, ತಳದಲ್ಲಿ ಬಂಡೆಗಳು ಅಡ್ಡಬಂದಾಗ ನೀರು ಏರಿ, ಮಗುಚಿ, ನೊರೆಯಾಗಿ ಓಡುತ್ತದೆ. ದೊಡ್ಡ ಬಂಡೆಯ ಮೇಲಿಂದ ಧುಮುಕಿದ ನೀರು ಕೆಳಗೆ ಹಿಂದಕ್ಕೆ ಹೊರಳಿ, ಸಿಕ್ಕಿದ್ದನ್ನು ತಿರುತಿರುಗಿ ತನ್ನಲ್ಲೇ ಇಟ್ಟುಕೊಳ್ಳಲು ನೋಡುತ್ತದೆ. ಆದರೆ ಅಂಥದೇ ಬಂಡೆಯ ಮರೆಯಲ್ಲಿ, ಸೆಳವು ತಾಗದ ಕಡೆ, ತಟ್ಟೆಯಲ್ಲಿಟ್ಟಂತೆ ನಿಂತ ನೀರೂ ಇರುತ್ತದೆ. ದೋಣಿಗಾರನ ವಿದ್ಯೆಯೆಲ್ಲ ಯಾವುದನ್ನು ತಪ್ಪಿಸಬೇಕು, ಯಾವುದರಲ್ಲಿ ತಂಗಬೇಕು ಎಂಬುದನ್ನು ದೂರದಿಂದಲೇ ಓದುವುದರಲ್ಲಿದೆ. ಹುಟ್ಟು ಹಾಕುವವರು ಅವನ ಮಾತನ್ನು ಕೇಳಿದರೆ ಸಾಕು. “ಮುಂದಕ್ಕೆ” ಎಂದಾಗ ಮುಂದಕ್ಕೆ, “ಹಿಂದಕ್ಕೆ” ಎಂದಾಗ ಹಿಂದಕ್ಕೆ. ಕಚೇರಿಯಲ್ಲಿ ಹನ್ನೊಂದು ಮಂದಿಗೂ ಹನ್ನೊಂದು ಅಭಿಪ್ರಾಯಗಳಿದ್ದವು. ಮೊದಲನೆಯ ರಭಸದಲ್ಲಿ ಮುಖಕ್ಕೆ ನೀರು ರಾಚಿದ ಕ್ಷಣ ಅವೆಲ್ಲ ತೊಳೆದುಹೋದವು.

ಮೂರನೆಯ ರಭಸದಲ್ಲಿ ಮೇಲ್ವಿಚಾರಕರು ಇಲ್ಲವಾದರು. ಇದ್ದ ಜಾಗದಲ್ಲಿ ನೀರಿತ್ತು, ಅವರಿರಲಿಲ್ಲ. ಹಿಂದಿನ ದೋಣಿಯಲ್ಲಿದ್ದ ಶ್ರೀಮತಿಯವರ ಕೂಗು ಹೊಳೆಯ ಸದ್ದನ್ನು ಮೀರಿ ಕೇಳಿಸಿತು. ಎರಡು ಉಸಿರಿನಷ್ಟು ಹೊತ್ತಾದ ಮೇಲೆ ಹಳದಿ ಶಿರಸ್ತ್ರಾಣವೊಂದು ದೋಣಿಯ ಮಗ್ಗುಲಲ್ಲೇ ಮೇಲೆದ್ದಿತು. ಅವರು ಪಾಠವನ್ನೆಲ್ಲ ಮರೆತು ಎದ್ದು ನಿಲ್ಲಲು ಹವಣಿಸುತ್ತಿದ್ದರು. “ನಿಲ್ಲಬ್ಯಾಡ್ರಿ! ಕಾಲು ಮ್ಯಾಲೆ!” ಎಂದು ತರಗತಿಯ ದನಿಯಲ್ಲಿ ಗದರಿದಳು ಅತ್ತೆ. ಎಷ್ಟೋ ವರ್ಷಗಳ ಹಿಂದೆ ಶಾಲೆ ಬಿಟ್ಟ ಆ ಗೃಹಸ್ಥರು ಒಡನೆ ಕಾಲು ಮೇಲೆತ್ತಿದರು. ಅವಳು ಅವರ ಹೆಗಲಪಟ್ಟಿಗಳನ್ನು ಎರಡೂ ಕೈಯಿಂದ ಹಿಡಿದು, ಹೇಳಿಕೊಟ್ಟಂತೆ ತನ್ನ ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿದಳು. ದೋಣಿಗಾರ ಇನ್ನೊಂದು ಕಡೆ ಸೇರಿಕೊಂಡ. ಮೇಲ್ವಿಚಾರಕರು ಬಲೆಗೆ ಬಿದ್ದ ದೊಡ್ಡ ಮೀನಿನಂತೆ ದೋಣಿಯೊಳಕ್ಕೆ ಜಾರಿ ಬಂದರು. ಅವರ ಮೊದಲ ಪ್ರಶ್ನೆ ಕನ್ನಡಕದ ವಿಷಯವಾಗಿತ್ತು. ಅದು ದಾರದಲ್ಲಿ ಕತ್ತಿಗೇ ತೂಗಾಡುತ್ತಿತ್ತು.

ರಭಸಗಳು ಮುಗಿದು ಹೊಳೆ ಅಗಲವಾದಲ್ಲಿ ನೀರು ಶಾಂತವಾಗುತ್ತದೆ. ದಡದ ಮರಗಳು ತಲೆಕೆಳಗಾಗಿ ಕಾಣುತ್ತವೆ. ಇಲ್ಲಿ ಬೇಕಾದವರು ಜಾಕೆಟ್ಟಿನೊಡನೆ ನೀರಿಗಿಳಿಯಬಹುದೆಂದು ದೋಣಿಗಾರ ಅಪ್ಪಣೆ ಕೊಟ್ಟ. ಇನ್ನೂ ಕೆಳಗೆ ದಾಂಡೇಲಿ ಪಟ್ಟಣದ ಕಡೆ ಹೊಳೆಯಲ್ಲಿ ಮೊಸಳೆಗಳಿವೆ, ಅಲ್ಲಿ ಕಾಲಿಡುವ ಮಾತಿಲ್ಲ ಎಂದೂ ಸೇರಿಸಿದ. ಅತ್ತೆ ಯಾರನ್ನೂ ಕೇಳದೆ ಇಳಿದು ಅಂಗಾತ ತೇಲಿದಳು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು:

“ಆಗ ಈ ನೀರು ಇಷ್ಟು ತಣ್ಣಗ ಇದ್ದಿಲ್ಲ.”

“ಅಣೆಕಟ್ಟಿನ ಆಳದಿಂದ ಬರ್ತದ ಅಮ್ಮಾ. ಬಿಸಿಲು ಕಾಣದ ನೀರು” ಎಂದ ದೋಣಿಗಾರ.

“ಅಂದ್ರ ನಮ್ಮೂರ ಮ್ಯಾಲೆ ಇದ್ದ ನೀರು.”

ಸೋದರಳಿಯ ದೋಣಿಯ ಅಂಚಿನಲ್ಲಿ ಕುಳಿತಿದ್ದ. ಅವನೂ ಇಳಿದ.

ಆ ರಾತ್ರಿ ತಂಗಿದ್ದು ಜೋಯಿಡಾ ಕಡೆಯ ಒಂದು ಹಳ್ಳಿಯ ಮನೆಯಲ್ಲಿ. ಊಟ ತಂಗುದಾಣ ಎರಡನ್ನೂ ಮನೆಯವರೇ ನೋಡಿಕೊಳ್ಳುವ ಏರ್ಪಾಡು. ಊಟಕ್ಕೆ ಮೊದಲು ಮುರುಗಲಿನ ಪಾನಕ, ಆಮೇಲೆ ಕುಚ್ಚಲಕ್ಕಿಯ ಅನ್ನ, ಗೆಡ್ಡೆಯ ಪಲ್ಯ. ನಗರದವರು ಆಲೂಗೆಡ್ಡೆಯೆಂದೇ ತಿಳಿದು ಎರಡನೆಯ ಸಲ ಬಡಿಸಿಕೊಂಡರು. ಅದು ಮುಡ್ಲಿ, ಕೆಸುವಿನ ಜಾತಿಯ, ಜೋಯಿಡಾದ ಹೆಸರು ಹೊತ್ತ ಗೆಡ್ಡೆ. ಇಲ್ಲಿನ ಕುಣಬಿಗಳು ಗೆಡ್ಡೆಗೆಣಸುಗಳನ್ನು ಬೆಳೆಯುವುದರಲ್ಲಿ ನಿಷ್ಣಾತರು. ತೂಕಕ್ಕೆ ನಿಲ್ಲದ ಸುವರ್ಣಗೆಡ್ಡೆಗಳು, ಮನುಷ್ಯನ ತೋಳಿನಂತಿರುವ ಗೆಣಸುಗಳು, ಹೆಸರು ಕೇಳದ ಇನ್ನೆಷ್ಟೋ ಬಗೆಗಳು ಜೋಯಿಡಾದಲ್ಲಿ ವರ್ಷಕ್ಕೊಮ್ಮೆ ಸೇರುವ ಗೆಡ್ಡೆ ಗೆಣಸು ಮೇಳಕ್ಕೆ ಬರುತ್ತವೆ. ನೋಡುವವರಿಗೆ ಅದೊಂದು ವಸ್ತುಪ್ರದರ್ಶನ. ಬೆಳೆದವರಿಗೆ ಅದು ಅಕ್ಕಿ ತೀರಿದ ತಿಂಗಳುಗಳ ಅನ್ನ.

ಭಾನುವಾರ ಮಬ್ಬಿರುವಾಗಲೇ ನಡಿಗೆ ಹೊರಟಿತು. ಇದು ಹುಲಿಯ ಸೀಮೆ. 1956ರಲ್ಲಿ ದಾಂಡೇಲಿ ಅಭಯಾರಣ್ಯ, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, ಎರಡೂ ಸೇರಿ 2007ರಲ್ಲಿ ಹುಲಿ ರಕ್ಷಿತಾರಣ್ಯ. 2015ರಲ್ಲಿ ಅದಕ್ಕೆ ನದಿಯ ಹೆಸರನ್ನೇ ಇಟ್ಟು ಕಾಳಿ ಹುಲಿ ರಕ್ಷಿತಾರಣ್ಯವೆಂದರು. ಮನ ಬಂದಲ್ಲಿ ನುಗ್ಗುವಂತಿಲ್ಲ; ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಕಾಡಿನೊಳಗೆ ಕಾಲಿಡಬಾರದು, ಒಪ್ಪಿಗೆಯಿದ್ದಲ್ಲೂ ದಾರಿ ಬಲ್ಲ ಸ್ಥಳೀಯರು ಮುಂದಿರಬೇಕು. ಇನ್ನೊಂದು ಎಚ್ಚರ ಹುಲಿಗಿಂತ ಚಿಕ್ಕ ಪ್ರಾಣಿಯದು. ಮಂಗನ ಕಾಯಿಲೆಯನ್ನು ಹರಡುವ ಉಣ್ಣೆಗಳು ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ಕಾಡಿನ ತರಗೆಲೆಗಳಲ್ಲಿ ಹೆಚ್ಚು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಉತ್ತರ ಕನ್ನಡಕ್ಕೂ ಬಂದಿದೆ. ಮೈತುಂಬ ಬಟ್ಟೆ, ತರಗೆಲೆಯ ಮೇಲೆ ಕೂರದಿರುವುದು, ಮರಳಿದೊಡನೆ ಬಿಸಿನೀರಿನ ಸ್ನಾನ: ಇವಿಷ್ಟು ಸಾಮಾನ್ಯ ಜಾಗರೂಕತೆ. ಚಿತ್ರಕ್ಕೆ ಚೆನ್ನಾಗಿ ಕಾಣುವುದೆಂದು ಮೊಣಕಾಲು ಬಿಟ್ಟು ಬಂದಿದ್ದ ಇಬ್ಬರನ್ನು ದಾರಿ ತೋರುವವನು ಹಿಂದಕ್ಕಟ್ಟಿ ಷರಾಯಿ ಹಾಕಿಸಿಕೊಂಡು ಬಂದ.

ಮೊದಲ ಏರು ಮುಗಿಯುವಾಗ ತಲೆಯ ಮೇಲೆ ಯಾರೋ ಗರಗಸ ಎಳೆದಂತೆ ರೆಕ್ಕೆಯ ಸದ್ದು. ಮಂಗಟ್ಟೆ ಹಕ್ಕಿ. ದಾಂಡೇಲಿಯ ಕಾಡು ಈ ಹಕ್ಕಿಗಳಿಗೆ ಹೆಸರಾದದ್ದು. ನಾಲ್ಕು ಬಗೆಯವು ಇಲ್ಲಿವೆ. ಇವುಗಳ ಸಂಸಾರ ವಿಚಿತ್ರ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ದೊಡ್ಡ ಮರದ ಪೊಟರೆಯನ್ನು ಹೊಕ್ಕು, ಬಾಗಿಲನ್ನು ಹಿಕ್ಕೆ ಮಣ್ಣುಗಳಿಂದ ಮೆತ್ತಿ, ಕೊಕ್ಕಿನಷ್ಟೇ ಸೀಳು ಉಳಿಸಿಕೊಂಡು ವಾರಗಟ್ಟಲೆ ಒಳಗೇ ಕುಳಿತುಬಿಡುತ್ತದೆ. ಗಂಡು ಕಾಡೆಲ್ಲ ಅಲೆದು ಅತ್ತಿ ಆಲಗಳ ಹಣ್ಣು ತಂದು ಆ ಸೀಳಿನಲ್ಲಿ ಉಣಿಸಬೇಕು. ಗಂಡು ಬಾರದಿದ್ದರೆ ಒಳಗಿನವಕ್ಕೆ ಗತಿಯಿಲ್ಲ. ಮೇಲ್ವಿಚಾರಕರ ಶ್ರೀಮತಿಯವರು ಈ ವಿವರಣೆಯನ್ನು ಬಹಳ ಆಸಕ್ತಿಯಿಂದ ಕೇಳಿ, “ತರಕಾರಿ ತರುವುದಕ್ಕೆ ಹೇಳಿ ಹೇಳಿ ಸಾಕಾಗಿದೆ ನನಗೆ” ಎಂದರು. ದೊಡ್ಡ ಮರ ಉರುಳಿದರೆ ಈ ಸಂಸಾರವೂ ಉರುಳುತ್ತದೆಂಬುದನ್ನು ದಾರಿ ತೋರುವವನು ಸೇರಿಸಿದ; ಪೊಟರೆ ಬೀಳಲು ಮರಕ್ಕೆ ನೂರಾರು ವರ್ಷ ಬೇಕು.

ಎರಡು ಗಂಟೆಯ ನಡಿಗೆಯ ಮೇಲೆ ಗುಡ್ಡದ ಮಡಿಲಲ್ಲಿ ಹತ್ತಾರು ಮನೆಗಳು. ಕೊಯ್ಲು ಮುಗಿದ ಗದ್ದೆ, ಮಣ್ಣಿನ ಗೋಡೆ, ಸೆಗಣಿ ಸಾರಿಸಿದ ಅಂಗಳ, ನಡುವೆ ತುಳಸಿಕಟ್ಟೆ. ವೃದ್ಧೆಯರು ಇನ್ನೂ ಹಳೆಯ ರೀತಿಯಲ್ಲೇ, ಹೆಗಲ ಮೇಲೆ ಗಂಟು ಹಾಕಿ ಮೊಣಕಾಲವರೆಗೆ ಸೀರೆ ಉಟ್ಟಿದ್ದರು. ಹಿಂದೆ ಇವರ ಪೂರ್ವಿಕರು ಗುಡ್ಡದ ತುಂಡೊಂದನ್ನು ಕಡಿದು ಸುಟ್ಟು ಬಿತ್ತಿ, ನೆಲ ದಣಿದಾಗ ಬೇರೆಡೆಗೆ ಸರಿಯುವ ಕುಮರಿ ಬೇಸಾಯ ಮಾಡುತ್ತಿದ್ದರು. ಬ್ರಿಟಿಷರ ಕಾಲದಲ್ಲಿ ಅದಕ್ಕೆ ತಡೆ ಬಿತ್ತು. ಬಾಯ್ಮಾತು ಕೊಂಕಣಿಯ ಒಂದು ಬಗೆ. ಗೋವೆಯಲ್ಲಿ ಕುಣಬಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಗಡಿಯ ಈಚೆಗಿನ ಅವರ ಬಂಧುಗಳು ಅದೇ ಬೇಡಿಕೆಯಿಟ್ಟು ಬಹುಕಾಲವಾಗಿದೆ.

ಒಂದು ಮನೆಯ ಜಗಲಿಯಲ್ಲಿ ತಂಡ ದಣಿವಾರಿಸಿಕೊಂಡಿತು. ಮನೆಯ ಅಜ್ಜಿಯೊಡನೆ ಅತ್ತೆ ಮೊದಲು ಕನ್ನಡದಲ್ಲಿ, ಆಮೇಲೆ ನೋಡನೋಡುತ್ತಿದ್ದಂತೆ ಕೊಂಕಣಿಯಲ್ಲಿ ಮಾತಿಗಿಳಿದಳು. ಸೋದರಳಿಯ ಬೆರಗಾದ, ಅವಳಿಗೆ ಆ ಭಾಷೆ ಬರುವುದೆಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಸೂಪಾದ ಸಂತೆ ಎಂಬ ಮಾತು ಎರಡು ಮೂರು ಸಲ ಕೇಳಿಸಿತು. ಅಜ್ಜಿಯೂ ಹುಡುಗಿಯಾಗಿದ್ದಾಗ ಗೆಡ್ಡೆಯ ಹೊರೆ ಹೊತ್ತು ಅಲ್ಲಿಗೆ ಹೋಗುತ್ತಿದ್ದಳಂತೆ. ಇಬ್ಬರೂ ಸೇರಿ ಅಂಗಡಿಗಳ ಸಾಲನ್ನು ಒಂದು ಕೊನೆಯಿಂದ ಎಣಿಸತೊಡಗಿದರು. ಬಟ್ಟೆಯಂಗಡಿ ಮೊದಲೋ ಕ್ಷೌರದಂಗಡಿ ಮೊದಲೋ ಎಂಬಲ್ಲಿ ಜಗಳವೇ ಹತ್ತಿತು. ಇತ್ಯರ್ಥಕ್ಕೆ ಹೋಗಿ ನೋಡುವಂತಿರಲಿಲ್ಲ.

ಅಜ್ಜಿಯ ಮಗ ಬೇರೆ ಮಾತು ತೆಗೆದ. ಊರಿಗೆ ಬಸ್ಸಿಲ್ಲ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾರಿಯೂ ಇಲ್ಲ. ಕಾಯಿಲೆ ಬಿದ್ದವರನ್ನು, ದಿನ ತುಂಬಿದ ಬಸುರಿಯರನ್ನು ಬಿದಿರಿಗೆ ಕಂಬಳಿ ಕಟ್ಟಿ ಜೋಲಿಯಲ್ಲಿ ಹೊತ್ತು ನಡೆಯಬೇಕು. ಹುಲಿಯ ಕಾಡಿನಲ್ಲಿ ರಸ್ತೆಗೆ ಕಾನೂನು ಅಡ್ಡ. ತಾವಾಗಿ ಊರು ಬಿಡಲೊಪ್ಪುವ ಸಂಸಾರಗಳಿಗೆ ಸರ್ಕಾರ ಹಣ ಕೊಡುತ್ತದೆ; ಹುಲಿ ಪ್ರದೇಶಗಳಲ್ಲಿ ಹಿಂದೆ 10 ಲಕ್ಷವಿದ್ದುದನ್ನು 2021ರಲ್ಲಿ 15 ಲಕ್ಷಕ್ಕೆ ಏರಿಸಿದ್ದಾರೆ. ಸುತ್ತಿನ ಕೆಲವರು ತೆಗೆದುಕೊಂಡು ಹೋಗಿದ್ದಾರೆ. ಅವನ ಹೆಂಡತಿ ಮಕ್ಕಳ ಶಾಲೆಗಾಗಿ ಹೋಗೋಣವೆನ್ನುತ್ತಾಳೆ, ತಾಯಿ ಒಲ್ಲೆನೆನ್ನುತ್ತಾಳೆ. ನಡುವೆ ಸಿಕ್ಕವನು ಅತ್ತೆಯನ್ನು ಕೇಳಿದ:

“ಅಕ್ಕಾ, ನೀವು ಒಮ್ಮೆ ಬಿಟ್ಟು ಹೋದವರು. ಏನು ಹೇಳ್ತೀರಿ?”

ಜಗಲಿಯಲ್ಲಿ ಹರಟೆ ನಿಂತಿತು. ಅತ್ತೆ ಒಡನೆ ಉತ್ತರ ಕೊಡಲಿಲ್ಲ.

“ನಮಗ ಯಾರೂ ಕೇಳಿದ್ದಿಲ್ಲಪಾ. ನಿನಗ ಕೇಳಾಕತ್ತಾರ. ಅಷ್ಟು ಪುಣ್ಯ ನಿಂದು” ಎಂದಳು. ಸ್ವಲ್ಪ ತಡೆದು, “ಆದ್ರ ಬಿಟ್ಟಿದ್ದಕ್ಕ ನಾ ಕಲತೆ, ನೌಕರಿ ಮಾಡಿದೆ. ಇಲ್ಲೇ ಇದ್ದಿದ್ರ ಏನಾಗತಿದ್ದೆನೋ. ನಮ್ಮವ್ವ ಮಾತ್ರ ರಾಮನಗರದಾಗ ಬಾವಿ ನೀರು ಕುಡದಾಗೊಮ್ಮೆ ಇದು ಸಪ್ಪಗದ ಅನ್ನಾಕಿ, ಸಾಯೋತನಕ” ಎಂದಳು. ಹೋಗೆಂದೂ ಹೇಳಲಿಲ್ಲ, ಇರೆಂದೂ ಹೇಳಲಿಲ್ಲ. ಪಟ್ಟಣದಲ್ಲಿ ಕುಳಿತು ಹುಲಿಯ ಪರವಾಗಿಯೋ ಹಳ್ಳಿಯ ಪರವಾಗಿಯೋ ತೀರ್ಪು ಬರೆಯುವವರಿಗೆ ಇಷ್ಟು ತಡವಾಗುವುದಿಲ್ಲ.

ಮರಳುವಾಗ ಗಾಡಿಯನ್ನು ಹಿನ್ನೀರು ಕಾಣುವ ಒಂದು ತಿರುವಿನಲ್ಲಿ ನಿಲ್ಲಿಸಿದರು. ಇಳಿಬಿಸಿಲಿನಲ್ಲಿ ನೀರು ಕಣ್ಣಿಗೆಟುಕುವವರೆಗೂ ಹರಡಿತ್ತು. ನಡುನಡುವೆ ಗುಡ್ಡಗಳ ನೆತ್ತಿಗಳು ದ್ವೀಪಗಳಾಗಿ ಉಳಿದಿದ್ದವು. ಸೋದರಳಿಯ ಕೇಳಿದ:

“ಊರು ಯಾವ ಕಡೆಗಿತ್ತು ಅತ್ತೆ?”

ಅವಳು ಒಂದು ಕಡೆಗೆ ಕೈ ತೋರಿಸಿದಳು, ಆಮೇಲೆ ಅನುಮಾನಿಸಿ ಇನ್ನೊಂದು ಕಡೆಗೆ. “ಗುಡ್ಡದ ಕೆಳಗಿಂದ ನೋಡಿದಾಕಿ ನಾ. ಮ್ಯಾಲಿಂದ ಗುರ್ತು ಹತ್ತವಲ್ದು” ಎಂದಳು. ತರುಣಿಯೊಬ್ಬಳು ಚಿತ್ರ ತೆಗೆಯಲು ಎತ್ತಿದ್ದ ಮೊಬೈಲನ್ನು ಕೆಳಗಿಳಿಸಿದಳು. ಮೇಲ್ವಿಚಾರಕರು ಸದ್ದಿಲ್ಲದೆ ತಮ್ಮ ನೀರಿನ ಬಾಟಲಿಯನ್ನು ಅವಳ ಕೈಗಿತ್ತರು.

ಧಾರವಾಡದ ನಿಲ್ದಾಣದಲ್ಲಿ ರಾತ್ರಿ ರೈಲಿಗೆ ಇನ್ನೂ ಹೊತ್ತಿತ್ತು. ಎಲ್ಲರ ಬೂಟುಗಳೂ ಒದ್ದೆಯಾಗಿ ಹೆಜ್ಜೆಗೊಮ್ಮೆ ಪಿಚಕ್ಕೆನ್ನುತ್ತಿದ್ದವು. ಅಜ್ಜಿ ಕೊಟ್ಟ ಬೀಜದ ಮುಡ್ಲಿಯ ಗಂಟನ್ನು ಅತ್ತೆ ಮಣ್ಣು ಸಮೇತ ಸೆರಗಿನ ಮರೆಯಲ್ಲಿ ಹಿಡಿದುಕೊಂಡಿದ್ದಳು. ಹಿತ್ತಲಲ್ಲಿ ದಾಸವಾಳದ ಗಿಡದ ಪಕ್ಕ ಹೂಳುವುದೆಂದು ದಾರಿಯಲ್ಲೇ ಗೊತ್ತುಮಾಡಿದ್ದಳು. ಧಾರವಾಡದ ಕರಿಮಣ್ಣಿಗೆ ಅದು ಬರುವುದೋ ಇಲ್ಲವೋ ಎಂದು ಮೇಲ್ವಿಚಾರಕರು ಶಂಕಿಸಿದರು. ಅವಳು ಸೋದರಳಿಯನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದಳು:

“ನೋಡೋ, ದೋಣ್ಯಾಗ ಕುಂತ ಸುದ್ದಿ ನನ್ನ ಮಗಳಿಗೆ ಹೇಳಬ್ಯಾಡ. ದಂಡಿ ಮ್ಯಾಲೆ ಕುಂತು ನೋಡಿದ್ರು ಅನ್ನು, ಸಾಕು.”

ಅವನು ತಲೆಯಾಡಿಸಿದ. ಅಷ್ಟರಲ್ಲಿ ಅವನ ಜೇಬಿನಲ್ಲಿ ಮೊಬೈಲು ಗುಂಯ್ಗುಟ್ಟಿತು. ಶನಿವಾರ ಮಧ್ಯಾಹ್ನವೇ ದೋಣಿಯವರು ತಂಡಕ್ಕೆಲ್ಲ ಕಳಿಸಿದ್ದ ಚಿತ್ರವನ್ನು ಅವನು ಮನೆಯವರ ಗುಂಪಿಗೆ ಹಾಕಿ ಮರೆತಿದ್ದ. ಅದರಲ್ಲಿ ನೊರೆಯ ನಡುವೆ ಅತ್ತೆ ಹಿಂದಕ್ಕೆ ಬಾಗಿ, ಹಲ್ಲು ಕಚ್ಚಿ, ಒಬ್ಬ ದಪ್ಪನೆಯ ಗೃಹಸ್ಥರನ್ನು ನೀರಿನಿಂದ ಎಳೆಯುತ್ತಿದ್ದಳು. ಕೆಳಗೆ ಅವಳ ಮಗಳು ಒಂದೇ ಸಾಲು ಬರೆದಿದ್ದಳು: “ಆ ಹೆಂಗಸು ಯಾರು?”